ಹೂತ ಗಾಲಿಯನ್ನೆತ್ತುವ ವಿದ್ಯೆ

ಭಾರತಯುದ್ಧದ ಹದಿನೇಳನೆಯ ದಿನ ಕರ್ಣನ ರಥದ ಗಾಲಿಯನ್ನು ನೆಲ ನುಂಗಿತು. ಅದನ್ನೆತ್ತಲು ಅವನು ಕೆಳಗಿಳಿದ ಗಳಿಗೆಯೇ ಅವನ ಮರಣಕ್ಕೆ ಕಾರಣವಾಯಿತು. ಕಾವ್ಯದಲ್ಲಿ ಅದು ಶಾಪದ ಫಲ. ನಿತ್ಯಜೀವನದಲ್ಲಾದರೋ ಗಾಲಿ ಹೂಳುವುದಕ್ಕೆ ಶಾಪವೇನೂ ಬೇಕಿಲ್ಲ. ಒಂದು ಮಳೆ, ಒಂದು ಕೆರೆಯಂಗಳ, ಒಬ್ಬ ಆತುರದ ಚಾಲಕ ಇದ್ದರೆ ಸಾಕು.

ಬೆಂಗಳೂರಿನ ಪೂರ್ವಭಾಗದಲ್ಲಿ ಇವು ಮೂರಕ್ಕೂ ಕೊರತೆಯಿಲ್ಲ. ದಿಬ್ಬಗಳಲ್ಲಿ ಕೆಮ್ಮಣ್ಣು, ತಗ್ಗುಗಳಲ್ಲಿ ಕೆರೆಗಳ ಸಾಲು. ಹಲಸೂರು ಕೆರೆಯ ಕೋಡಿನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹರಿಯುವುದು ಈ ನೆಲದ ಹಳೆಯ ಕ್ರಮ. ಕೆರೆಯಂಗಳದ ಹೂಳು ಮೇಲೆ ಒಣಗಿ ಬಿರುಕುಬಿಟ್ಟು ಗಟ್ಟಿಯಾಗಿ ಕಂಡರೂ ಒಳಗೆ ಹುದುಲಾಗಿರುತ್ತದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರಿನ ಸುತ್ತಮುತ್ತ ಬೆಲೆಬಾಳುವ ಕಾರುಗಳು ನೀರಿನಲ್ಲಿ ನಿಂತುಹೋದಾಗ, ಕಚೇರಿಗೆ ಹೊರಟವರನ್ನು ಹೊತ್ತು ಸಾಗಿಸಿದ್ದು ಹಳ್ಳಿಗರ ಟ್ರ್ಯಾಕ್ಟರು. ಎತ್ತರದ ಹಿಂಗಾಲಿ, ಅದರ ಮೇಲಿನ ಆಳವಾದ ಏಣುಗಳು, ನೀರಿಗೆ ಎಟುಕದ ಎಂಜಿನು ಇವೇ ಅದರ ಬಲ.

ಹೂತ ವಾಹನವನ್ನು ಚಾಲಕನೇ ಇನ್ನಷ್ಟು ಆಳಕ್ಕೆ ಇಳಿಸುವುದು ವಿಚಿತ್ರವಾದರೂ ನಿಜ. ಸಾಮಾನ್ಯ ವಾಹನದ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆ, ಯಾವ ಗಾಲಿಗೆ ತಡೆ ಕಡಿಮೆಯೋ ಅದನ್ನೇ ಹೆಚ್ಚು ತಿರುಗಿಸುತ್ತದೆ. ಗಟ್ಟಿನೆಲದ ಗಾಲಿ ಸುಮ್ಮನೆ ನಿಲ್ಲುತ್ತದೆ. ಕೆಸರಿನ ಗಾಲಿ ಗಿರ್ರನೆ ಸುತ್ತುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮೇಲಾಗಿ ಜಿಗುಟು ಮಣ್ಣಿನಡಿಗೆ ಗಾಳಿ ನುಸುಳದೆ, ಎಳೆದಷ್ಟೂ ಕೆಸರು ಹಿಂದಕ್ಕೆ ಹೀರಿ ಹಿಡಿಯುತ್ತದೆ.

ಈ ಸಂಕಟವನ್ನೇ ಕಸುಬಾಗಿ ಕಲಿತವರು ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಹೊಸಬರಲ್ಲ. 1780ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಎರಡು ತುಕಡಿಗಳಾಗಿ ಹುಟ್ಟಿದ ಮದರಾಸು ಸ್ಯಾಪರುಗಳ ದಳ ಹಲಸೂರು ಕೆರೆಯ ಬಳಿ ನೆಲೆಸಿದೆ; ದಾರಿ ಕಡಿಯುವುದು, ಸೇತುವೆ ಕಟ್ಟುವುದು ಅದರ ಕೆಲಸ. ಕೆಟ್ಟ, ಹೂತ ವಾಹನಗಳನ್ನು ಹೊರತರುವ ಹೊಣೆ 1943ರಲ್ಲಿ ರೂಪುಗೊಂಡ ಸೇನೆಯ ಯಂತ್ರಶಿಲ್ಪಿಗಳ ದಳ, ಇ.ಎಂ.ಇ.ಯದು. ಆ ದಳದ 515ನೆಯ ಬೇಸ್ ವರ್ಕ್‌ಷಾಪ್ ಇರುವುದೂ ಹಲಸೂರಿನಲ್ಲಿಯೇ.

ಸೇನೆಗಳ ಲೆಕ್ಕಾಚಾರ ಸರಳವಾದುದು. ಗಾಲಿಯ ಮಟ್ಟಕ್ಕೆ ಹೂತ ವಾಹನವನ್ನು ಎಳೆಯಲು ಅದರ ತೂಕದಷ್ಟು ಬಲ ಬೇಕು. ಮಡ್‌ಗಾರ್ಡಿನವರೆಗೆ ಹೂತರೆ ತೂಕದ ಎರಡು ಪಟ್ಟು. ಅದಕ್ಕೂ ಮೇಲೆ ಮುಳುಗಿದರೆ ಮೂರು ಪಟ್ಟು. ಎರಡನೆಯ ಮಹಾಯುದ್ಧದ ವಿಲೀಸ್ ಜೀಪಿನ ತೂಕ ಸುಮಾರು 1,100 ಕಿಲೋಗ್ರಾಂ. ಮಡ್‌ಗಾರ್ಡಿನವರೆಗೆ ಹೂತರೆ ಆ ಪುಟ್ಟ ಬಂಡಿಯೂ 2,200 ಕಿಲೋಗ್ರಾಮಿನ ಎಳೆತವನ್ನು ಬೇಡುತ್ತದೆ. ಹತ್ತು ಮಂದಿ ಸೇರಿ ನೂಕಿದರೂ ಅದು ಜಗ್ಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ನೆರವಿಗೆ ಬರುವುದು ಬಾವಿಯ ರಾಟೆಯ ಬಂಧು. ಎಳೆಯುವ ಯಂತ್ರದ ಉಕ್ಕಿನ ಹಗ್ಗವನ್ನು ಹೂತ ವಾಹನಕ್ಕೆ ಕಟ್ಟಿದ ರಾಟೆಯ ಮೂಲಕ ಹಾಯಿಸಿ, ತುದಿಯನ್ನು ಮರಳಿ ತಂದು ಗಟ್ಟಿನೆಲದಲ್ಲಿ ಬಿಗಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ; ವೇಗ ಅರ್ಧಕ್ಕಿಳಿಯುತ್ತದೆ. ಬಿಗಿಯಲು ಮರವಿಲ್ಲದಿದ್ದರೆ ಮುಂದೆ ಮೂರು, ಹಿಂದೆ ಎರಡು, ಅದರ ಹಿಂದೆ ಒಂದು ಎಂಬಂತೆ ಗೂಟಗಳನ್ನು ಓರೆಯಾಗಿ ಬಡಿದು ಒಂದಕ್ಕೊಂದು ಕಟ್ಟುವುದು ಸ್ಯಾಪರುಗಳ ಹಳೆಯ ಪಾಠ. ಅದೂ ಇಲ್ಲವಾದರೆ ಮರದ ದಿಮ್ಮಿಯನ್ನೋ, ಸ್ಟೆಪ್ನಿಯನ್ನೋ ಆಳವಾಗಿ ಹೂತು ಅದಕ್ಕೇ ಹಗ್ಗ ಕಟ್ಟಬಹುದು.

ಸಂಸಾರಸಹಿತ ಹೊರಟ ಗೃಹಸ್ಥನ ಬಳಿ ಇಷ್ಟು ಸಾಮಗ್ರಿ ಇರಲಾರದು. ಅವನು ಮೊದಲು ಮಾಡಬೇಕಾದದ್ದು ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಮಕ್ಕಳನ್ನು ಇಳಿಸಿ ದೂರ ನಿಲ್ಲಿಸುವುದು. ಬಳಿಕ ಗಾಲಿಯ ಸುತ್ತಲ ಕೆಸರನ್ನು ತೋಡಿ ಗಾಳಿಗೆ ದಾರಿ ಮಾಡಿ, ಟೈರಿನ ಗಾಳಿಯನ್ನು ತುಸು ಇಳಿಸಿದರೆ ಅದು ಅಗಲವಾಗಿ ನೆಲವನ್ನು ಹಿಡಿಯುತ್ತದೆ. ಗಾಲಿಯಡಿಗೆ ಕಲ್ಲುಚೂರು, ಹಲಗೆ, ಗೋಣಿಚೀಲ, ತೆಂಗಿನ ಗರಿ, ಏನು ದೊರೆತರೆ ಅದನ್ನು ತುರುಕಬೇಕು. ಜಾಕನ್ನು ಕೆಸರಿನ ಮೇಲಿಡದೆ ಹಲಗೆಯ ಮೇಲಿಡಬೇಕು. ಅದರ ಮೇಲೆ ನಿಂತ ವಾಹನದಡಿಗೆ ಯಾರೂ ತೂರಬಾರದು. ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುವುದು ಸಾಮಾನ್ಯವಾಗಿ ಸುಲಭ, ಏಕೆಂದರೆ ಆ ಜಾಡನ್ನು ಗಾಲಿಗಳೇ ಆಗಲೇ ತುಳಿದಿರುತ್ತವೆ.

ಇತರರು ಎಳೆಯಲು ಬಂದಾಗಲೇ ನಿಜವಾದ ಗಂಡಾಂತರ. ಬಿಗಿದ ಉಕ್ಕಿನ ಹಗ್ಗ ಹರಿದರೆ, ಇಲ್ಲವೆ ಕೊಕ್ಕೆ ಕಿತ್ತು ಬಂದರೆ, ಅದು ಚಾಟಿಯಂತೆ ಹಿಂದಿರುಗಿ ಎದುರಿಗೆ ಸಿಕ್ಕವರ ಪ್ರಾಣವನ್ನೇ ತೆಗೆಯಬಲ್ಲುದು. ಅದಕ್ಕಾಗಿಯೇ ಬಲ್ಲವರು ಹಗ್ಗದ ನಡುವೆ ಒದ್ದೆ ಗೋಣಿಯನ್ನು ಹೊದಿಸುತ್ತಾರೆ. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಜನರನ್ನು ಅಟ್ಟುತ್ತಾರೆ. ಬಿಗಿದ ಹಗ್ಗವನ್ನು ದಾಟಲು ಯಾರಿಗೂ ಬಿಡುವುದಿಲ್ಲ. ಸನ್ನೆ ಕೊಡುವ ಅಧಿಕಾರವನ್ನು ಒಬ್ಬನಿಗೆ ಮಾತ್ರ ವಹಿಸುತ್ತಾರೆ. ಕತ್ತಲಾದರೆ, ನೀರು ಏರುವ ಭಯವಿಲ್ಲದಿದ್ದರೆ, ವಾಹನವನ್ನು ಅಲ್ಲಿಯೇ ಬಿಟ್ಟು ಮರುದಿನ ಬರುವುದರಲ್ಲಿ ಯಾವ ಅವಮಾನವೂ ಇಲ್ಲ. ಕೆಸರಿನಲ್ಲಿ ಒಂದು ರಾತ್ರಿ ಕಳೆದ ಬಂಡಿಯನ್ನು ಬೆಳಗಿನ ಬೆಳಕಿನಲ್ಲಿ, ಸಾಕಷ್ಟು ಜನ ಮತ್ತು ಗಟ್ಟಿ ಹಗ್ಗದೊಡನೆ ಹೊರತೆಗೆಯಬಹುದು.