ಬೆತ್ತದ ಕುರ್ಚಿಗೆ ಮೊದಲು ನೀರು, ಆಮೇಲೆ ಎಣ್ಣೆ

ಜಗಲಿಯಲ್ಲಿ ಹತ್ತಾರು ಮಳೆಗಾಲ ಕಂಡ ಬೆತ್ತದ ಕುರ್ಚಿ ಬೂದುಬಣ್ಣಕ್ಕೆ ತಿರುಗಿ, ಕೂತರೆ ಲಟಲಟ ಸದ್ದು ಮಾಡಿ, ನಡುವೆ ಜೋತುಬಿದ್ದಾಗ ಹೆಚ್ಚಿನವರು ಮೊದಲು ತರುವುದು ವಾರ್ನಿಶ್ ಡಬ್ಬಿ. ಆದರೆ ಒಣಗಿ ಸೆಟೆದ ಬೆತ್ತಕ್ಕೆ ಮೊದಲು ಬೇಕಾದದ್ದು ನೀರು. ಏಕೆಂದು ತಿಳಿಯಲು ಆ ಗಿಡದ ದಂಟಿನೊಳಗೆ ಏನಿದೆ ಎಂದು ನೋಡಬೇಕು.

ಬೆತ್ತ ಬಿದಿರಿನ ಹತ್ತಿರದ ನೆಂಟನಲ್ಲ. ಬಿದಿರು ಹುಲ್ಲಿನ ಕುಟುಂಬದ್ದು, ಬೆತ್ತ ತೆಂಗು ಅಡಿಕೆಗಳ ಕುಟುಂಬದ್ದು. ಬಿದಿರಿನ ಒಳಗೆ ಟೊಳ್ಳು, ಬೆತ್ತದ ಒಳಗೆಲ್ಲ ತಿರುಳು. ಸ್ವಂತ ಬಲದಿಂದ ನೆಟ್ಟಗೆ ನಿಲ್ಲಲಾರದ ಈ ಗಿಡ ಕೊಕ್ಕೆಮುಳ್ಳಿನ ಉದ್ದನೆಯ ಚಾಟಿಗಳಿಂದ ಪಕ್ಕದ ಮರಗಳನ್ನು ಹಿಡಿದು ಬಿಸಿಲಿನತ್ತ ಏರುತ್ತದೆ. ಕೆಲವು ಜಾತಿಗಳು ನೂರು ಮೀಟರಿಗೂ ಉದ್ದ ಬೆಳೆಯುತ್ತವೆ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಹಂದಿಬೆತ್ತ, ನಾಗಬೆತ್ತ ಮೊದಲಾದ ಹಲವು ಬಗೆಗಳಿವೆ.

ದಂಟನ್ನು ಅಡ್ಡಕ್ಕೆ ಕತ್ತರಿಸಿ ಭೂತಗನ್ನಡಿ ಹಿಡಿದರೆ ಚುಕ್ಕೆಗಳು ಕಾಣುತ್ತವೆ. ಅವು ನೀರು ಸಾಗಿಸುವ ಕೊಳವೆಗಳು ಮತ್ತು ಅವುಗಳಿಗೆ ಅಂಟಿದ ನಾರು. ಅಂಚಿನಲ್ಲಿ ಅವು ದಟ್ಟ, ನಡುವಿನಲ್ಲಿ ವಿರಳ. ನಡುನಡುವಿನ ಮೆತ್ತನೆಯ ಕೋಶಗಳಲ್ಲಿ ಪಿಷ್ಟ ತುಂಬಿರುತ್ತದೆ. ಎಲ್ಲಕ್ಕಿಂತ ಹೊರಗೆ ಸಿಲಿಕಾ ಇರುವ ನುಣುಪಾದ ಸಿಪ್ಪೆ. ಜಾಲರಿ ಆಸನ ಹೆಣೆಯುವುದು ಈ ಸಿಪ್ಪೆಯ ಪಟ್ಟಿಯಿಂದ. ಅದರ ಹೊಳೆಯುವ ಮೈಗೆ ನೀರು ಸುಲಭವಾಗಿ ಹಿಡಿಯದು, ಸೀಳಿದ ಅಡಿಮೈ ನೀರನ್ನು ಚೆನ್ನಾಗಿ ಹೀರುತ್ತದೆ. ದುರಸ್ತಿಯ ಗುಟ್ಟೆಲ್ಲ ಈ ಎರಡು ಮೈಗಳ ವ್ಯತ್ಯಾಸದಲ್ಲಿದೆ.

ಗೋಡೆಯ ಇಟ್ಟಿಗೆಗಳನ್ನು ಗಾರೆ ಹಿಡಿದಿಟ್ಟ ಹಾಗೆ ನಾರುಗಳನ್ನು ಲಿಗ್ನಿನ್ ಎಂಬ ವಸ್ತು ಹಿಡಿದಿಟ್ಟಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಒಡೆಯುತ್ತದೆ, ಒಡೆದ ಚೂರುಗಳನ್ನು ಮಳೆಯ ಇರಚಲು ತೊಳೆದೊಯ್ಯುತ್ತದೆ. ಉಳಿದ ಬಿಳಿಚಿದ ಸೆಲ್ಯುಲೋಸ್ ಮೇಲೆ ಬೂಷ್ಟು ಕೂತಾಗ ಬೂದುಬಣ್ಣ ಬರುತ್ತದೆ. ಆದರೆ ಈ ಹಾನಿ ತೀರ ಮೇಲುಪದರದ್ದು. ಬಣ್ಣ ನೋಡಿ ಕುರ್ಚಿಯನ್ನು ಗುಜರಿಗೆ ಹಾಕುವುದು ದೊಡ್ಡ ಅನ್ಯಾಯ.

ಬೆತ್ತ ಬಾಗುವುದಕ್ಕೂ ಮುರಿಯುವುದಕ್ಕೂ ಕಾರಣ ನೀರೇ. ನಾರಿನ ಸರಪಳಿ ಅಣುಗಳ ನಡುವೆ ನೀರು ಸೇರಿದ್ದರೆ ಅವು ಒಂದಿಷ್ಟು ಜಾರಿ ಬಾಗುತ್ತವೆ. ನೀರು ಆರಿದಾಗ ಒಂದಕ್ಕೊಂದು ಬಿಗಿದುಕೊಂಡು, ಒತ್ತಿದರೆ ಮುರಿಯುತ್ತವೆ. ಇಂಥ ಸ್ಥಿತಿಯಲ್ಲಿ ವಾರ್ನಿಶ್ ಬಳಿದರೆ ಒಣ ಬೆತ್ತವನ್ನು ಒಣಗಿದಂತೆಯೇ ಮುಚ್ಚಿಟ್ಟಂತೆ.

ಮೊದಲು ಮೆದು ಬ್ರಷ್‌ನಿಂದ ಹೆಣಿಗೆಯ ಸಂದಿಯ ಧೂಳು ತೆಗೆಯಿರಿ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಜೋತುಬಿದ್ದ ಆಸನವಾದರೆ ಕುರ್ಚಿಯನ್ನು ಮಗುಚಿ, ಅಡಿಮೈ ಮೇಲೆ ಬಿಸಿನೀರಿನ ಒದ್ದೆ ಬಟ್ಟೆಯನ್ನು ಅರ್ಧ ಗಂಟೆ ಹಾಸಿಡಿ. ವರ್ಷಗಟ್ಟಲೆ ಭಾರಕ್ಕೆ ಹಿಗ್ಗಿ ನಿಂತಿದ್ದ ನಾರು ನೆನೆದಾಗ ಸಡಿಲಗೊಂಡು ಹಿಂದೆ ಸರಿಯುತ್ತದೆ, ನೆರಳಿನಲ್ಲಿ ನಿಧಾನವಾಗಿ ಒಣಗುವಾಗ ಬಿಗಿಯುತ್ತದೆ. ಪೂರ್ತಿ ಒಣಗುವ ತನಕ ಯಾರೂ ಕೂರಬಾರದು. ಸುಡುಬಿಸಿಲಿಗೆ ಇಟ್ಟರೆ ಮೇಲ್ಮೈ ಬೇಗ ಆರಿ ಸೀಳುತ್ತದೆ.

ಪಟ್ಟಿಗಳೇ ತುಂಡಾಗಿದ್ದರೆ ಈ ಉಪಾಯ ಸಾಲದು, ಹೊಸದಾಗಿ ಹೆಣೆಯಬೇಕು. ಹೆಣೆಯುವವರು ಪಟ್ಟಿಯನ್ನು ನೆನೆಸಿ, ಒದ್ದೆಯಿರುವಾಗಲೇ ಉದ್ದಕ್ಕೆ, ಅಡ್ಡಕ್ಕೆ, ಎರಡೂ ಓರೆಗಳಿಗೆ ಎಳೆದು ಹಾಕುತ್ತಾರೆ. ಕೂತವರ ಭಾರ ನಾಲ್ಕು ದಿಕ್ಕಿನ ಎಳೆಗಳಿಗೆ ಹಂಚಿಹೋಗುವುದರಿಂದಲೇ ಅಷ್ಟು ತೆಳು ಪಟ್ಟಿ ಮನುಷ್ಯನನ್ನು ಹೊರುತ್ತದೆ. ಕಚೇರಿಗಳ ಬೆತ್ತದ ಕುರ್ಚಿ ಹೆಣೆಯುವ ಈ ಕೆಲಸವನ್ನು ನಮ್ಮ ದೇಶದಲ್ಲಿ ಅನೇಕ ಅಂಧರು ಕಲಿತು ಜೀವನೋಪಾಯ ಮಾಡಿಕೊಂಡಿದ್ದಾರೆ. ಎಳೆಯ ಬಿಗಿಯನ್ನು ಅಳೆಯುವುದು ಬೆರಳು, ಕಣ್ಣಲ್ಲ. ನಿಮ್ಮೂರಿನಲ್ಲಿ ಬೆತ್ತದ ಕೆಲಸ ಬಲ್ಲ ಮೇದಾರರಿದ್ದರೆ ಅವರನ್ನು ಕರೆಸಿ, ಕೇಳಿದ ಕೂಲಿ ಕೊಡಿ. ಪ್ಲಾಸ್ಟಿಕ್ ಹೆಣಿಗೆಯ ಕುರ್ಚಿ ಅಗ್ಗವಿರಬಹುದು, ಆದರೆ ಸಡಿಲಾದ ಪ್ಲಾಸ್ಟಿಕ್ ಎಳೆ ನೀರಿಗೆ ಬಿಗಿಯುವುದಿಲ್ಲ.

ಕುರ್ಚಿಯ ಕೆಳಗೆ ನುಣ್ಣನೆ ಹಿಟ್ಟು ಉದುರಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಆ ಹುಳಕ್ಕೆ ಬೇಕಾದದ್ದು ಬೆತ್ತದೊಳಗಿನ ಪಿಷ್ಟ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಕಲಸಿದ ನೀರನ್ನು ಪಾಲಿಶ್‌ಗೆ ಮುಂಚೆಯೇ ಬಳಿಯಬೇಕು, ಪಾಲಿಶ್ ಆದ ಮೇಲೆ ಅದು ಒಳಗಿಳಿಯದು.

ಕೊನೆಯದು ಎಣ್ಣೆ. ಕೊಬ್ಬರಿ ಎಣ್ಣೆ ಬೇಡ. ಅದು ಗಾಳಿಗೆ ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತೆಳು ಪೊರೆಯಾಗುತ್ತದೆ, ಬೆತ್ತದ ತೇವ ಬೇಗ ಏರಿಳಿಯದಂತೆ ತಡೆಯುತ್ತದೆ. ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ, ಮುದ್ದೆಯೊಳಗೆ ಸೇರಿಕೊಂಡ ಆ ಶಾಖಕ್ಕೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ಅದ್ದಿ, ಮನೆಯ ಹೊರಗೆ ಹರವಿ ಒಣಗಿಸಿದ ಮೇಲೆಯೇ ಬಿಸಾಡಿ.