ಮೂರು ದೇಶಗಳು, ಒಂದು ಮಾಯಾ ನಾಡು

ಮಾಯಾ ನಾಗರಿಕತೆ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು 2012ರ ಡಿಸೆಂಬರ್ 21ರಂದು ಪ್ರಳಯವಾಗುತ್ತದೆಂಬ ವದಂತಿ. ಮಾಯಾ ಕಾಲಗಣನೆಯ ಒಂದು ದೀರ್ಘ ಆವರ್ತ ಅಂದು ಮುಗಿದು ಮತ್ತೊಂದು ಆರಂಭವಾಯಿತು, ಅಷ್ಟೆ. ಈ ಜನರ ನಿಜವಾದ ಹಿರಿಮೆಯನ್ನು ಅರಿಯಲು ಮೆಕ್ಸಿಕೋ, ಗ್ವಾಟೆಮಾಲಾ ಮತ್ತು ಬೆಲೀಜ್ ದೇಶಗಳನ್ನು ದಾಟಿಹೋಗುವ ಹಾದಿಯೊಂದಿದೆ.

ಪಯಣದ ಆರಂಭಕ್ಕೆ ಮೆಕ್ಸಿಕೋದ ಚಿಯಾಪಾಸ್ ಪ್ರಾಂತದ ಪಲೆಂಕೆ ಪ್ರಶಸ್ತವಾದ ಸ್ಥಳ. ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ ಕಾಲದಲ್ಲಿ ಇಲ್ಲಿ ಪಕಾಲ್ ಎಂಬ ಅರಸನಿದ್ದ. ಅವನ ಆಳ್ವಿಕೆ ಕ್ರಿ.ಶ. 615ರಿಂದ 683ರವರೆಗೆ. ಶಾಸನಗಳ ದೇಗುಲದ ನೆಲಹಾಸಿನ ಚಪ್ಪಡಿಯೊಂದರಲ್ಲಿ ರಂಧ್ರಗಳಿದ್ದುದನ್ನು ಗಮನಿಸಿದ ಪುರಾತತ್ತ್ವಜ್ಞ ಆಲ್ಬೆರ್ತೊ ರೂಸ್, ಅದರಡಿ ಮುಚ್ಚಿಹೋಗಿದ್ದ ಮೆಟ್ಟಿಲುಗಳನ್ನು ವರ್ಷಗಟ್ಟಲೆ ತೆರವುಗೊಳಿಸಿ 1952ರಲ್ಲಿ ಅರಸನ ಸಮಾಧಿಯನ್ನು ತಲುಪಿದರು.

ಅಲ್ಲಿಂದ ಕಾಡಿನ ಹಾದಿಯಲ್ಲಿ ಸಾಗಿದರೆ ಬೊನಾಂಪಾಕ್ ಸಿಗುತ್ತದೆ. ಕ್ರಿ.ಶ. 790ರ ಸುಮಾರಿನ ಭಿತ್ತಿಚಿತ್ರಗಳು ಅಲ್ಲಿನ ಮೂರು ಕೋಣೆಗಳಲ್ಲಿ ಉಳಿದಿವೆ; ವಾದ್ಯಗಾರರು, ಯುದ್ಧ, ಸೆರೆಯಾಳುಗಳು ಎಲ್ಲವೂ ಅಲ್ಲುಂಟು. ಮುಂದೆ ಉಸುಮಸಿಂತಾ ನದಿಯಲ್ಲಿ ರಸ್ತೆ ನಿಲ್ಲುತ್ತದೆ. ನದಿಯೇ ಇಲ್ಲಿ ಎರಡು ದೇಶಗಳ ಗಡಿ. ದಡದ ಯಾಷ್‌ಚಿಲಾನ್ ಅವಶೇಷಗಳಿಗೂ ದೋಣಿಯಲ್ಲೇ ಹೋಗಬೇಕು. ದೋಣಿ ಹತ್ತುವ ಮುನ್ನ ಪಾಸ್‌ಪೋರ್ಟಿನಲ್ಲಿ ನಿರ್ಗಮನದ ಮುದ್ರೆ ಬಿದ್ದಿದೆಯೇ ಎಂದು ನೋಡಿಕೊಳ್ಳುವುದು ಒಳಿತು. ಇತ್ತೀಚಿನ ವರ್ಷಗಳಲ್ಲಿ ಈ ಗಡಿಭಾಗದಲ್ಲಿ ಮಾದಕದ್ರವ್ಯ ತಂಡಗಳ ಹಿಂಸೆ ನಡೆದಿರುವುದರಿಂದ, ಪರಿಸ್ಥಿತಿಯನ್ನು ವಿಚಾರಿಸದೆ ಹೊರಡಬಾರದು.

ಗ್ವಾಟೆಮಾಲಾದ ಪೆತೆನ್ ಅರಣ್ಯದ ನಡುವೆ ತಿಕಾಲ್ ನಗರವಿದೆ. ಸುಮಾರು 65 ಮೀಟರ್ ಎತ್ತರದ ನಾಲ್ಕನೆಯ ದೇಗುಲದ ಮೇಲಿಂದ ನೋಡಿದರೆ ಹಸಿರು ಕಡಲಿನಿಂದ ಶಿಖರಗಳು ಮಾತ್ರ ತಲೆಯೆತ್ತಿರುತ್ತವೆ. ಸಮೀಪದಲ್ಲಿ ನದಿಯಿಲ್ಲದ ಈ ನಗರ ಹೇಗೆ ಬದುಕಿತು? ಗಾರೆ ಹಾಕಿದ ಅಂಗಳಗಳನ್ನು ಇಳಿಜಾರಾಗಿಸಿ, ಮಳೆನೀರನ್ನು ಕೆರೆಗಳಿಗೆ ಹರಿಸಿ ಅವರು ಬೇಸಗೆಯನ್ನು ಕಳೆಯುತ್ತಿದ್ದರು. ದೀರ್ಘ ಅನಾವೃಷ್ಟಿ, ಎಡೆಬಿಡದ ಯುದ್ಧಗಳು ಸೇರಿ 9ನೆಯ ಶತಮಾನದಲ್ಲಿ ಆ ವ್ಯವಸ್ಥೆ ಕುಸಿಯಿತು. ಇಲ್ಲಿ ದಿನಾಂಕ ಕೊರೆದ ಕೊನೆಯ ಶಿಲೆ ಕ್ರಿ.ಶ. 869ರದು. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನಡೆಸಿದ ಸಮೀಕ್ಷೆಯು ಈ ಕಾಡಿನಡಿ 60,000ಕ್ಕೂ ಹೆಚ್ಚು ಕಟ್ಟಡಗಳ ಕುರುಹುಗಳಿರುವುದನ್ನು 2018ರಲ್ಲಿ ಪ್ರಕಟಿಸಿತು.

ಬ್ಯಾಂಕಿನಲ್ಲಿ ನೋಟುಗಳ ನಡುವೆಯೇ ದಿನ ಕಳೆಯುವ ನಮಗೆ ಅತ್ಯಂತ ಪ್ರಿಯವಾದದ್ದು ಗ್ವಾಟೆಮಾಲಾದ ಕೆತ್ಸಾಲ್ ನೋಟು. ಅದರ ಮೇಲ್ಭಾಗದಲ್ಲಿ ಮೌಲ್ಯವನ್ನು ಮಾಯಾ ಅಂಕಿಗಳಲ್ಲೂ ಮುದ್ರಿಸಿರುತ್ತಾರೆ. ಚುಕ್ಕೆಯೆಂದರೆ ಒಂದು, ಅಡ್ಡಗೆರೆಯೆಂದರೆ ಐದು, ಚಿಪ್ಪೆಂದರೆ ಸೊನ್ನೆ. ಅವರದು ಇಪ್ಪತ್ತರ ಲೆಕ್ಕವಾದ್ದರಿಂದ 20ರ ನೋಟಿನಲ್ಲಿ ಚಿಪ್ಪಿನ ಮೇಲೊಂದು ಚುಕ್ಕೆ, 100ರ ನೋಟಿನಲ್ಲಿ ಚಿಪ್ಪಿನ ಮೇಲೊಂದು ಗೆರೆ. ಭಾರತದ ಸಂಪರ್ಕವೇ ಇಲ್ಲದೆ ಅವರೂ ಸೊನ್ನೆಯನ್ನು ಕಂಡುಕೊಂಡಿದ್ದರು.

ಪೂರ್ವಕ್ಕೆ ಮೆಲ್ಚೋರ್ ದೆ ಮೆಂಕೋಸ್ ಎಂಬಲ್ಲಿ ಗಡಿ ದಾಟಿದರೆ ಬೆಲೀಜ್. ಫಲಕಗಳು ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ತಿರುಗುತ್ತವೆ. ಕೈಯಿಂದ ತಿರುಗಿಸುವ ತೆಪ್ಪದಲ್ಲಿ ಮೋಪಾನ್ ಹೊಳೆ ದಾಟಿ ಶುನಾಂತುನಿಚ್‌ಗೆ ಹೋಗುವುದು ಅಲ್ಲಿನ ಹಳೆಯ ರೂಢಿ.

ಈ ಗಡಿಗಳೆಲ್ಲ ನಂತರದವರು ಎಳೆದವು. ಮಾಯಾ ಜನರು ಅಳಿದುಹೋದರೆಂಬುದು ತಪ್ಪು ಗ್ರಹಿಕೆ. ಲಕ್ಷಾಂತರ ಮಂದಿ ಇಂದಿಗೂ ಮಾಯಾ ಕುಲದ ಭಾಷೆಗಳನ್ನಾಡುತ್ತಾರೆ. 1562ರಲ್ಲಿ ದಿಯೆಗೊ ದೆ ಲಾಂದಾ ಎಂಬ ಪಾದ್ರಿ ಅವರ ಗ್ರಂಥಗಳನ್ನು ಸುಡಿಸಿದ. ಇಂದು ಉಳಿದಿರುವುದು ನಾಲ್ಕೇ. ಲಿಪಿ ಓದುವವರಿಲ್ಲದಾದರೂ ಮಾತು ಮನೆಗಳಲ್ಲಿ ಉಳಿಯಿತು. 20ನೆಯ ಶತಮಾನದಲ್ಲಿ ಲಿಪಿಯನ್ನು ಬಿಡಿಸಲು ವಿದ್ವಾಂಸರಿಗೆ ನೆರವಾದದ್ದೂ ಆ ಜೀವಂತ ಭಾಷೆಗಳೇ. 2003ರಲ್ಲಿ ಗ್ವಾಟೆಮಾಲಾ ಅವುಗಳನ್ನು ರಾಷ್ಟ್ರೀಯ ಭಾಷೆಗಳೆಂದು ಕಾನೂನಿನಿಂದ ಮನ್ನಿಸಿತು. ನಾಡಿನಿಂದ ದೂರವಿದ್ದು ಮನೆಯೊಳಗೆ ಕನ್ನಡವನ್ನು ಉಳಿಸಿಕೊಳ್ಳಬೇಕಾದ ನಮಗೆ ಅವಶೇಷಗಳಿಗಿಂತ ಈ ಸಂಗತಿಯೇ ಹೆಚ್ಚು ಮನನೀಯ.