ಕಡತ ಸುಟ್ಟ ಊರಿನ ಹೆಂಗಸರು

ಸ್ಯಾನ್ ಫ್ರಾನ್ಸಿಸ್ಕೊದ ಹೇಯ್ಸ್ ವ್ಯಾಲಿಯಲ್ಲಿ ಒಬ್ಬ ಹೆಂಗಸು ಅಂದು ಬೆಳಿಗ್ಗೆ ಮನೆಯವರಿಗೆ ತಿಂಡಿ ಮಾಡಲು ಒಲೆ ಹಚ್ಚಿದಳಂತೆ. ಕೆಲವು ಗಂಟೆಗಳ ಹಿಂದಷ್ಟೇ ಆಗಿದ್ದ ಭೂಕಂಪಕ್ಕೆ ಒಲೆಯ ಹೊಗೆಗೂಡು ಬಿರಿದಿತ್ತು. ಕಿಡಿ ಗೋಡೆಗೆ ಹತ್ತಿತು, ಮನೆಯಿಂದ ಮನೆಗೆ ಹಾರಿತು. ತಾತ್ಕಾಲಿಕ ಆಸ್ಪತ್ರೆಯಾಗಿದ್ದ ಮೆಕ್ಯಾನಿಕ್ಸ್ ಪೆವಿಲಿಯನ್ನನ್ನೂ ಅರ್ಧ ಕುಸಿದಿದ್ದ ಸಿಟಿ ಹಾಲನ್ನೂ ಆ ಬೆಂಕಿ ನುಂಗಿತು. ಅದಕ್ಕೆ ಊರವರು ಇಟ್ಟ ಹೆಸರು 'ಹ್ಯಾಮ್ ಆ್ಯಂಡ್ ಎಗ್ಸ್ ಫೈರ್'. ಜನರ ನೆನಪಿನಲ್ಲಿ ಉಳಿದದ್ದು ತಿಂಡಿ, ಮಾಡಿದವಳ ಹೆಸರಲ್ಲ.

ಅದು 1906ರ ಏಪ್ರಿಲ್ 18. ಬೆಳಗಿನ 5.12ಕ್ಕೆ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ 470ಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಜಾರಿತ್ತು. ನೆಲದಡಿಯ ನೀರಿನ ಕೊಳವೆಗಳು ಒಡೆದಿದ್ದರಿಂದ ಅಗ್ನಿಶಾಮಕದವರ ಕೈಯಲ್ಲಿ ನೀರೇ ಇರಲಿಲ್ಲ. ಬೆಂಕಿಗೆ ಅಡ್ಡಗಟ್ಟಲು ಡೈನಮೈಟ್ ಇಟ್ಟು ಕಟ್ಟಡಗಳನ್ನು ಉರುಳಿಸಿದರು. ಹಲವೆಡೆ ಅದರಿಂದಲೇ ಹೊಸ ಬೆಂಕಿ ಹುಟ್ಟಿತು. ಸುಮಾರು 28,000 ಕಟ್ಟಡಗಳು ಹೋದವು. ನಾಲ್ಕು ಲಕ್ಷ ಜನರ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೀದಿಗೆ ಬಿದ್ದರು.

ಇಷ್ಟೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ಇದೆ. ಆದರೂ ಕಾದಂಬರಿಕಾರರು, ಅದರಲ್ಲೂ ಹೆಂಗಸರ ಕಥೆ ಹೇಳಹೊರಟವರು, ಈ ಊರಿಗೆ ಮತ್ತೆ ಮತ್ತೆ ಬರುತ್ತಾರೆ. ಬೆಂಕಿಯಲ್ಲಿ ಮನೆಗಳ ಜೊತೆ ಕಾಗದಪತ್ರಗಳೂ ಸುಟ್ಟವು ಎಂಬುದೇ ಅವರನ್ನು ಸೆಳೆದಂತಿದೆ. ಯಾರು ಯಾರ ಹೆಂಡತಿ, ಯಾರು ಎಲ್ಲಿ ಹುಟ್ಟಿದವರು ಎಂದು ಹೇಳುವ ಕಡತ ಇಲ್ಲವಾದರೆ ಹೊಸ ಬದುಕು ಕಟ್ಟಿಕೊಳ್ಳಬಹುದು, ಹಳೆಯ ಸುಳ್ಳನ್ನು ಮುಚ್ಚಲೂಬಹುದು.

2021ರಲ್ಲಿ ಬಂದ ಸೂಸನ್ ಮೈಸ್ನರ್ ಅವರ 'ದಿ ನೇಚರ್ ಆಫ್ ಫ್ರಜೈಲ್ ಥಿಂಗ್ಸ್' ನಿಂತಿರುವುದು ಈ ತಿರುವಿನ ಮೇಲೆಯೇ. ಐರ್ಲೆಂಡಿನಿಂದ ಬಂದ ಬಡ ಹುಡುಗಿ ಸೋಫಿ ಪತ್ರಿಕೆಯ ಜಾಹೀರಾತು ನೋಡಿ, ಮುಖವನ್ನೇ ಕಾಣದ ವಿಧುರನೊಬ್ಬನನ್ನು ಮದುವೆಯಾಗುತ್ತಾಳೆ. ಭೂಕಂಪಕ್ಕೆ ಸ್ವಲ್ಪ ಮೊದಲು ಗರ್ಭಿಣಿಯೊಬ್ಬಳು ಬಾಗಿಲು ಬಡಿಯುತ್ತಾಳೆ. ಅಲ್ಲಿಂದ ಗಂಡನ ಬಣ್ಣ ಬಯಲಾಗುತ್ತಾ ಹೋಗುತ್ತದೆ. ಮಧ್ಯೆ ಮಧ್ಯೆ ಪೊಲೀಸ್ ವಿಚಾರಣೆಯ ಪ್ರಶ್ನೋತ್ತರಗಳು ಬರುತ್ತವೆ. ಏನು ಹೇಳಬೇಕು, ಏನು ನುಂಗಬೇಕು ಎಂದು ಸೋಫಿ ಅಳೆದು ತೂಗಿ ಮಾತಾಡುವ ಆ ಪುಟಗಳೇ ಕಾದಂಬರಿಯ ನಿಜವಾದ ಗೆಲುವು.

ಕೇಟ್ ಕ್ವಿನ್ ಮತ್ತು ಜೇನೀ ಚಾಂಗ್ ಜೊತೆಯಾಗಿ ಬರೆದ 'ದಿ ಫೀನಿಕ್ಸ್ ಕ್ರೌನ್' (2024) ಇದಕ್ಕಿಂತ ದೊಡ್ಡ ಹರಹಿನದು. ಒಪೆರಾ ಗಾಯಕಿ ಜೆಮ್ಮಾ, ಚೈನಾಟೌನಿನ ಕಸೂತಿಗಾರ್ತಿ ಸೂಲಿಂಗ್ ಒಬ್ಬನೇ ಶ್ರೀಮಂತನ ಬಲೆಗೆ ಬೀಳುತ್ತಾರೆ. ಭೂಕಂಪದ ಹಿಂದಿನ ರಾತ್ರಿ ಹೆಸರಾಂತ ಗಾಯಕ ಕರುಸೋ ಹಾಡಿದ 'ಕಾರ್ಮೆನ್' ಒಪೆರಾದ ಪ್ರದರ್ಶನ ನಿಜಕ್ಕೂ ನಡೆದದ್ದು; ಲೇಖಕಿಯರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಬಲೆ, ಕಿರೀಟ, ಸೇಡು ಎಲ್ಲ ಸ್ವಲ್ಪ ಹೆಚ್ಚೇ ಮಿರುಗುತ್ತವೆ ಎನ್ನುವುದೂ ನಿಜ.

ಈ ಕಾದಂಬರಿಯಲ್ಲಿ ಬರುವ ಒಬ್ಬಾಕೆಯನ್ನು ಯಾರೂ ಕಲ್ಪಿಸಬೇಕಾಗಿರಲಿಲ್ಲ. ಸಸ್ಯವಿಜ್ಞಾನಿ ಆಲಿಸ್ ಈಸ್ಟ್‌ವುಡ್ ಮಾರ್ಕೆಟ್ ಸ್ಟ್ರೀಟಿನ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ಗೆ ಓಡಿ ಬಂದಾಗ ಪಕ್ಕದ ಕಟ್ಟಡಕ್ಕೆ ಬೆಂಕಿ ಹತ್ತಿತ್ತು, ಮೆಟ್ಟಿಲು ಕುಸಿದಿತ್ತು. ಉಳಿದಿದ್ದ ಕಬ್ಬಿಣದ ಕಂಬಿಗಳ ಸಂದಿಯಲ್ಲಿ ಕಾಲಿಡುತ್ತಾ ಆಕೆ ಆರನೇ ಮಹಡಿಗೆ ಹತ್ತಿದರು. ಒಂದು ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಮೂಲ ಮಾದರಿಗಳನ್ನು ಉಳಿದ ಸಸ್ಯಗಳ ಜೊತೆ ಬೆರೆಸದೆ ಬೇರೆ ಕಪಾಟಿನಲ್ಲಿಡುವುದು ಆ ಕಾಲದ ರೂಢಿಯಾಗಿರಲಿಲ್ಲ, ಈಸ್ಟ್‌ವುಡ್ ಇಟ್ಟಿದ್ದರು. ಹಾಗಾಗಿ ಹುಡುಕುತ್ತಾ ಕೂರಬೇಕಾಗಲಿಲ್ಲ. 1,497 ಮಾದರಿಗಳನ್ನು ಹಗ್ಗ ಕಟ್ಟಿ ಕೆಳಗಿಳಿಸಿದರು. ಆಕೆಯ ಸ್ವಂತ ಮನೆ ಮಾತ್ರ ಸುಟ್ಟುಹೋಯಿತು. ಮುಂದೆ ವರ್ಷಗಟ್ಟಲೆ ಅಲೆದು ಸಸ್ಯಸಂಗ್ರಹವನ್ನು ಮತ್ತೆ ಕಟ್ಟಿದ ಅವರು ನಿವೃತ್ತರಾದದ್ದು 1949ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ.

ಕಡತಕ್ಕಾಗಿ ಬೆಂಕಿಯ ಕಡೆಗೆ ನಡೆದ ಇನ್ನೊಬ್ಬರು ಡೊನಾಲ್ಡಿನಾ ಕ್ಯಾಮರನ್. ಚೀನಾದಿಂದ ಮಾರಾಟಕ್ಕೆಂದು ತಂದ ಹುಡುಗಿಯರನ್ನು ವೇಶ್ಯಾಗೃಹಗಳಿಂದ, ಜೀತದಿಂದ ಬಿಡಿಸಿ ಸ್ಯಾಕ್ರಮೆಂಟೊ ಸ್ಟ್ರೀಟಿನ ಪ್ರೆಸ್ಬಿಟೇರಿಯನ್ ಮಿಷನ್ ಮನೆಯಲ್ಲಿ ಸಾಕುತ್ತಿದ್ದವರು. ಭೂಕಂಪದ ದಿನ ಹುಡುಗಿಯರನ್ನೆಲ್ಲ ಸುರಕ್ಷಿತ ಜಾಗಕ್ಕೆ ಸಾಗಿಸಿದ ಮೇಲೆ ನೆನಪಾಯಿತು: ಪೋಷಕತ್ವದ ಕೋರ್ಟ್ ಕಾಗದಗಳು ಮನೆಯಲ್ಲೇ ಉಳಿದಿದ್ದವು. ಅವಿಲ್ಲದಿದ್ದರೆ 'ಮಾಲೀಕರು' ನಾಳೆಯೇ ಬಂದು ಹುಡುಗಿಯರ ಮೇಲೆ ಹಕ್ಕು ಸಾಧಿಸಬಹುದಿತ್ತು. ಸೈನಿಕರ ಕಾವಲಿದ್ದ ಬೀದಿಯಲ್ಲಿ ಆಕೆ ವಾಪಸ್ ಹೋಗಿ ಕಾಗದ ತಂದರು. ಸ್ವಲ್ಪದರಲ್ಲೇ ಆ ಕಟ್ಟಡವನ್ನೂ ಡೈನಮೈಟ್ ಇಟ್ಟು ಉರುಳಿಸಿದರು.

ಅದೇ ಹೊತ್ತಿನಲ್ಲಿ ಸಿಟಿ ಹಾಲಿನ ಜನನ ದಾಖಲೆಗಳು ಸುಟ್ಟದ್ದು ಇನ್ನು ಕೆಲವರಿಗೆ ವರವಾಯಿತು. 1882ರ ಕಾಯ್ದೆ ಚೀನೀ ಕೂಲಿಕಾರರ ಬರವನ್ನು ತಡೆದಿತ್ತು. ಹೆಂಗಸರಿಗಂತೂ 1875ರ ಪೇಜ್ ಕಾಯ್ದೆಯಿಂದಲೇ ಬಾಗಿಲು ಬಹುಪಾಲು ಮುಚ್ಚಿತ್ತು. ಈಗ 'ನಾನು ಇಲ್ಲೇ ಹುಟ್ಟಿದವನು' ಎಂದರೆ ಅಲ್ಲಗಳೆಯಲು ಕಡತವಿರಲಿಲ್ಲ. ಹಾಗೆ ಪೌರತ್ವ ಪಡೆದವರ ಮಕ್ಕಳೆಂದು ಹೇಳಿಕೊಂಡು ಬಂದವರಿಗೆ 'ಪೇಪರ್ ಸನ್ಸ್' ಎಂದು ಹೆಸರಾಯಿತು. ಕಾಗದದ ಹೆಣ್ಣುಮಕ್ಕಳೂ ಇದ್ದರು, ಆದರೆ ಕಡಿಮೆ.

ಆಪತ್ತು ಎಲ್ಲರನ್ನೂ ಒಂದು ಮಾಡುತ್ತದೆ ಎಂಬ ನಂಬಿಕೆಗೆ ಕಾದಂಬರಿಗಳು ಸುಲಭವಾಗಿ ಒಲಿಯುತ್ತವೆ. ಬಿಳಿಯ ಗಾಯಕಿ, ಚೀನೀ ಕಸೂತಿಗಾರ್ತಿ ಕೈಹಿಡಿದು ಹೊಗೆಯಿಂದ ಹೊರಬರುವುದನ್ನು ಓದಲು ಹಿತ. ನಿಜದಲ್ಲಿ ಚೀನೀ ನಿರಾಶ್ರಿತರ ಶಿಬಿರವನ್ನೇ ಬೇರೆ ಮಾಡಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡುತ್ತಾ ಹೋದರು. ಚೈನಾಟೌನನ್ನೇ ಊರಾಚೆಯ ಹಂಟರ್ಸ್ ಪಾಯಿಂಟಿಗೆ ಸಾಗಿಸುವ ಯೋಜನೆಯೂ ಸಿದ್ಧವಾಗಿತ್ತು. ಅದಕ್ಕೆ ಅಡ್ಡ ಬಂದವರಲ್ಲಿ ಸಾವಿರಾರು ಮೈಲಿ ದೂರದ ಒಬ್ಬ ಹೆಂಗಸೂ ಇದ್ದಳು: ಬೀಜಿಂಗಿನ ರಾಜಮಾತೆ ಸಿಶಿ. ಆಕೆಯ ಅಸಮಾಧಾನವನ್ನು ಚೀನಾದ ರಾಯಭಾರ ಕಚೇರಿ ಅಮೆರಿಕದ ಅಧಿಕಾರಿಗಳಿಗೆ ಮುಟ್ಟಿಸಿತು. ವ್ಯಾಪಾರ ಕೈತಪ್ಪುವ ಭಯವೂ ಸೇರಿತು. ಚೈನಾಟೌನ್ ಇದ್ದಲ್ಲೇ ಮತ್ತೆ ಎದ್ದಿತು.

ಸತ್ತವರ ಲೆಕ್ಕವೂ ಹೀಗೆಯೇ ಅರೆಬರೆ. ಅಂದಿನ ಅಧಿಕೃತ ಸಂಖ್ಯೆ ಐನೂರನ್ನೂ ಮುಟ್ಟಿರಲಿಲ್ಲ. ಅದನ್ನು ಒಪ್ಪದೆ ದಶಕಗಳ ಕಾಲ ಒಂದೊಂದೇ ಹೆಸರು ಕೂಡಿಸಿ, ಸಂಖ್ಯೆ ಮೂರು ಸಾವಿರ ದಾಟುತ್ತದೆ ಎಂದು ತೋರಿಸಿದವರು ನಗರದ ಗ್ರಂಥಪಾಲಕಿ ಗ್ಲಾಡಿಸ್ ಹ್ಯಾನ್ಸನ್.

ಕ್ಯಾಮರನ್ ಅವರ ಮನೆಯಲ್ಲಿ ಆಶ್ರಯ ಪಡೆದ ಹುಡುಗಿಯರ ಸ್ವಂತ ಮಾತೂ ದಾಖಲೆಗಳಲ್ಲಿ ಸಿಗುವುದು ಅಪರೂಪ. ಟೈ ಲಿಯಾಂಗ್ ಅವರ ಜೀವನ ಮಾತ್ರ ಸಾಕಷ್ಟು ಸ್ಪಷ್ಟವಾಗಿ ಉಳಿದಿದೆ. ಎಳೆಯ ವಯಸ್ಸಿನಲ್ಲೇ ಗೊತ್ತುಮಾಡಿದ ಮದುವೆಯಿಂದ ತಪ್ಪಿಸಿಕೊಂಡು ಆ ಮನೆ ಸೇರಿದ್ದ ಆಕೆ 1910ರಲ್ಲಿ ಏಂಜಲ್ ಐಲೆಂಡಿನ ವಲಸೆ ಕೇಂದ್ರದಲ್ಲಿ ದುಭಾಷಿಯಾದರು, 1912ರಲ್ಲಿ ಚೀನೀ ಮೂಲದ ಹೆಂಗಸಾಗಿ ಮತ ಹಾಕಿ ಸುದ್ದಿಯಾದರು. ವಲಸೆ ಕೇಂದ್ರದ ಬಿಳಿಯ ಅಧಿಕಾರಿ ಚಾರ್ಲ್ಸ್ ಶುಲ್ಜ್ ಅವರನ್ನು ಪ್ರೀತಿಸಿದರು. ಕ್ಯಾಲಿಫೋರ್ನಿಯಾದ ಕಾನೂನು ಇಂಥ ಮದುವೆಗೆ ಒಪ್ಪದ ಕಾರಣ ಇಬ್ಬರೂ ವಾಷಿಂಗ್ಟನ್ ರಾಜ್ಯಕ್ಕೆ ಹೋಗಿ ಮದುವೆಯಾಗಿ ಬಂದರು. ಇಬ್ಬರ ಕೆಲಸವೂ ಹೋಯಿತು. ಟೈ ಮುಂದೆ ಚೈನಾಟೌನಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದರು.